ಮನೆಯ ಪಿಸಿಗೆ ಸರ್ವರ್ ಓಎಸ್ ಬೇಕೋ, ಡೆಸ್ಕ್‌ಟಾಪ್ ಓಎಸ್ ಸಾಕೋ: ಆಯ್ಕೆಯಿಂದ ಸೆಟಪ್‌ವರೆಗೆ ಸಮಗ್ರ ಮಾರ್ಗದರ್ಶಿ

ಫೋಟೊಗಳೆಲ್ಲ ಒಂದೇ ಕಡೆ ಇರಬೇಕು, ಟೀವಿಗೆ ಅಲ್ಲಿಂದಲೇ ವಿಡಿಯೊ ಬರಬೇಕು, ಮನೆಯ ಲ್ಯಾಪ್‌ಟಾಪ್‌ಗಳ ಬ್ಯಾಕಪ್ ರಾತ್ರಿ ತಾನಾಗಿಯೇ ಆಗಿಬಿಡಬೇಕು. ಇಷ್ಟಕ್ಕೆಂದು ಒಂದು ಪಿಸಿ ಮೀಸಲಿಡಲು ಹೊರಟವರಿಗೆ ಮೊದಲು ಹೊಳೆಯುವುದು ‘ಸರ್ವರ್ ಕೆಲಸ ತಾನೆ, ಸರ್ವರ್ ಓಎಸ್ಸೇ ಹಾಕೋಣ’ ಎಂಬ ಯೋಚನೆ. ಓಎಸ್ ಎಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ (ಆಪರೇಟಿಂಗ್ ಸಿಸ್ಟಮ್), ಸರ್ವರ್ ಎಂದರೆ ಬೇರೆ ಸಾಧನಗಳಿಗೆ ಸೇವೆ ಕೊಡುವ ಯಂತ್ರ. ಬಹುಪಾಲು ಮನೆಗಳಿಗೆ ಸರ್ವರ್ ಓಎಸ್ ಸರಿಹೊಂದುವುದಿಲ್ಲ. ಕೆಲಸದ ಹೆಸರು ನೋಡಿ ಓಎಸ್ ಆರಿಸಬೇಡಿ. ಆ ಯಂತ್ರದ ಮುಂದೆ ಯಾರಾದರೂ ಕೂರುತ್ತಾರೆಯೇ ಎಂದು ನೋಡಿ ಆರಿಸಿ. ದಿನವೂ ಕೂತು ಕೆಲಸ ಮಾಡುವವರು ಒಬ್ಬರಿದ್ದರೂ ಡೆಸ್ಕ್‌ಟಾಪ್ ಓಎಸ್ ಹಾಕಿ, ಸರ್ವರ್ ಕೆಲಸಗಳನ್ನು ಅದಕ್ಕೇ ವಹಿಸಿ. ಮಾನಿಟರ್ ಕಿತ್ತು ಮೂಲೆಯಲ್ಲಿಡುವ ಯಂತ್ರವಾದರೆ ಮಾತ್ರ ಸರ್ವರ್ ಓಎಸ್ ಕಡೆ ಹೋಗಿ.

ವ್ಯತ್ಯಾಸ ಇರುವುದೆಲ್ಲಿ

ಲಿನಕ್ಸ್ ಎಂಬ ಉಚಿತ ಓಎಸ್‌ನಲ್ಲಿ ಈ ಎರಡರ ನಡುವಿನ ಅಂತರ ಜನ ಅಂದುಕೊಂಡಷ್ಟಿಲ್ಲ. ಲಿನಕ್ಸ್‌ನ ಜನಪ್ರಿಯ ರೂಪಗಳಲ್ಲೊಂದಾದ ಉಬುಂಟು ತನ್ನ ಪ್ರತ್ಯೇಕ ಸರ್ವರ್ ಕರ್ನಲ್ (ಓಎಸ್‌ನ ತಿರುಳು) ಅನ್ನು 2012ರ 12.04 ಆವೃತ್ತಿಯಲ್ಲೇ ಸಾಮಾನ್ಯ ಕರ್ನಲ್‌ನೊಳಗೆ ಸೇರಿಸಿಬಿಟ್ಟಿತು. ಇವತ್ತು ಉಬುಂಟು ಸರ್ವರ್, ಉಬುಂಟು ಡೆಸ್ಕ್‌ಟಾಪ್ ಎರಡಕ್ಕೂ ಪ್ಯಾಕೇಜ್‌ಗಳು ಬರುವುದು ಒಂದೇ ಭಂಡಾರದಿಂದ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಂತೂ ಎರಡು ಆವೃತ್ತಿಗಳೇ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಬರುವ ಸಾಫ್ಟ್‌ವೇರ್ ಆಯ್ಕೆಯ ಪರದೆಯಲ್ಲಿ ಡೆಸ್ಕ್‌ಟಾಪ್ ಎಂಬುದರ ಟಿಕ್ ತೆಗೆದು ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಕಮಾಂಡ್ ಕೊಡುವ ದಾರಿ) ಸರ್ವರ್‌ಗೆ ಟಿಕ್ ಹಾಕಿದರೆ ಅದೇ ಸರ್ವರ್.

ಬೇರೆಯಾಗಿರುವುದು ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್‌ಗಳು. ಡೆಸ್ಕ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಪರದೆ, ಧ್ವನಿ, ಬ್ಲೂಟೂತ್, ಪ್ರಿಂಟರ್, ನೆಟ್‌ವರ್ಕ್ ಮ್ಯಾನೇಜರ್ ಇರುತ್ತವೆ. ಸುಮ್ಮನಿದ್ದರೆ ಯಂತ್ರ ನಿದ್ದೆಗೂ ಹೋಗಬಹುದು. ಸರ್ವರ್‌ನಲ್ಲಿ ಕಪ್ಪು ಪರದೆ, ಲಾಗಿನ್ ಸಾಲು, ಎಸ್‌ಎಸ್‌ಎಚ್ ಇಷ್ಟೇ. ಮೆಮೊರಿಯ ಲೆಕ್ಕದಲ್ಲಿ, ಗ್ನೋಮ್ ಪರದೆಯ ಡೆಸ್ಕ್‌ಟಾಪ್ ಏನೂ ತೆರೆಯದಿದ್ದಾಗಲೂ ಸುಮಾರು 1ರಿಂದ 1.5 ಜಿಬಿ ರ‍್ಯಾಮ್ ಹಿಡಿದಿರುತ್ತದೆ; ಸರ್ವರ್ 200ರಿಂದ 400 ಎಂಬಿಯಲ್ಲಿ ಮುಗಿಸುತ್ತದೆ. 2 ಜಿಬಿಯ ಹಳೆಯ ಯಂತ್ರಕ್ಕೆ ಇದು ದೊಡ್ಡ ಉಳಿತಾಯ. 8 ಜಿಬಿ ಇರುವಲ್ಲಿ ಇದರಿಂದ ಏನೂ ಬದಲಾಗುವುದಿಲ್ಲ.

‘ಸರ್ವರ್ ಓಎಸ್ ಹೆಚ್ಚು ವೇಗ’ ಎಂಬ ಮಾತಿಗೂ ಗಟ್ಟಿ ಆಧಾರವಿಲ್ಲ. ವಿಂಡೋಸ್ ಸರ್ವರ್ ಪ್ರೊಸೆಸರ್ ಸಮಯವನ್ನು ಹಿನ್ನೆಲೆಯ ಸರ್ವಿಸ್‌ಗಳಿಗೆ ಅನುಕೂಲವಾಗುವಂತೆ ಹಂಚುತ್ತದೆ, ನಿಜ. ಆದರೆ ವಿಂಡೋಸ್ 11ರಲ್ಲೂ ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್, ಪರ್ಫಾರ್ಮೆನ್ಸ್, ಅಡ್ವಾನ್ಸ್‌ಡ್ ಹಾದಿಯಲ್ಲಿ ಹೋಗಿ ‘ಬ್ಯಾಕ್‌ಗ್ರೌಂಡ್ ಸರ್ವಿಸಸ್’ ಒತ್ತಿದರೆ ಅದೇ ವ್ಯವಸ್ಥೆ ಸಿಗುತ್ತದೆ. ನಾಲ್ಕೈದು ಜನ ಬಳಸುವ ಮನೆಯಲ್ಲಿ ಇದರ ಫಲ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ.

ವಿಂಡೋಸ್ ಸರ್ವರ್ ಹಾಕುವ ಮುನ್ನ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಜನ ಹೆಚ್ಚು ಎಡವುವುದು ಇಲ್ಲೇ.

ಮೊದಲನೆಯದು ಲೈಸೆನ್ಸ್. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸ್ ಪ್ರೊಸೆಸರ್ ಕೋರ್‌ಗಳ ಲೆಕ್ಕದಲ್ಲಿ ಬರುತ್ತದೆ. ನಿಮ್ಮ ಯಂತ್ರಕ್ಕೆ 4 ಕೋರ್ ಇದ್ದರೂ ಕನಿಷ್ಠ 16 ಕೋರ್‌ಗಳ ಲೆಕ್ಕ ಹಿಡಿಯುತ್ತಾರೆ. ಅದರ ಮೇಲೆ ಬಳಸುವವರ ಅಥವಾ ಸಾಧನಗಳ ಎಣಿಕೆಗೆ ತಕ್ಕಂತೆ ಕ್ಲೈಂಟ್ ಲೈಸೆನ್ಸ್ ಬೇರೆ. 180 ದಿನದ ಮೌಲ್ಯಮಾಪನ ಪ್ರತಿ ಉಚಿತವಾಗಿ ಸಿಗುತ್ತದೆ. ಅದು ಕಲಿಯಲು ಬಹಳ ಒಳ್ಳೆಯದು, ಮನೆಯ ಫೋಟೊ ಇಡಲು ಅಲ್ಲ. ಅವಧಿ ಮುಗಿದ ಮೇಲೆ ಯಂತ್ರ ಗಂಟೆಗೊಮ್ಮೆ ತಾನಾಗಿಯೇ ಆಫ್ ಆಗತೊಡಗುತ್ತದೆ.

ಎರಡನೆಯದು ಡ್ರೈವರ್, ಅಂದರೆ ಯಂತ್ರದ ಬಿಡಿಭಾಗವನ್ನು ಓಎಸ್‌ಗೆ ಪರಿಚಯಿಸುವ ತಂತ್ರಾಂಶ. ಮನೆಬಳಕೆಯ ಮದರ್‌ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿರುವ ಇಂಟೆಲ್ ಐ219-ವಿ ನೆಟ್‌ವರ್ಕ್ ಚಿಪ್ ಅನ್ನೇ ನೋಡಿ. ಚಿಪ್ ಚೆನ್ನಾಗಿಯೇ ಇರುತ್ತದೆ, ಆದರೆ ಅದರ ಡ್ರೈವರ್ ಇನ್‌ಸ್ಟಾಲರ್ ಸರ್ವರ್ ಓಎಸ್ ಕಂಡರೆ ಮುಂದೆ ಹೋಗುವುದಿಲ್ಲ. ಡ್ರೈವರ್ ಯಾವ ಓಎಸ್‌ಗೆ ಎಂದು ಹೇಳುವ ಐಎನ್‌ಎಫ್ ಫೈಲ್‌ನಲ್ಲಿ ಆ ಚಿಪ್‌ಗೆ ಸರ್ವರ್ ಓಎಸ್‌ನ ನಮೂದು ಇಲ್ಲದಿರುವುದೇ ಕಾರಣ. ಓಎಸ್ ಹಾಕಿ ಮುಗಿಸಿ ನೋಡಿದರೆ ನೆಟ್‌ವರ್ಕೇ ಇರುವುದಿಲ್ಲ. ವೈಫೈ ಕಥೆ ಇನ್ನೊಂದು: 2022ರವರೆಗಿನ ಆವೃತ್ತಿಗಳಲ್ಲಿ ವೈರ್‌ಲೆಸ್ ಲ್ಯಾನ್ ಸರ್ವಿಸ್ ಎಂಬ ಫೀಚರ್ ಅನ್ನು ನಾವೇ ಸೇರಿಸಬೇಕು, 2025ರ ಆವೃತ್ತಿಯಲ್ಲಿ ಮೊದಲೇ ಇರುತ್ತದೆ.

ಮೂರನೆಯದು ಆ್ಯಪ್‌ಗಳು. ಮನೆಬಳಕೆಯ ಆ್ಯಂಟಿವೈರಸ್ ಹಾಗೂ ಉಚಿತ ಬ್ಯಾಕಪ್ ತಂತ್ರಾಂಶಗಳಲ್ಲಿ ಹಲವು ‘ಇದು ಸರ್ವರ್, ಬಿಸಿನೆಸ್ ಆವೃತ್ತಿ ತನ್ನಿ’ ಎಂದು ನಿಂತುಬಿಡುತ್ತವೆ. ಮೈಕ್ರೋಸಾಫ್ಟ್ ಸ್ಟೋರ್ ಇಲ್ಲ. ಯಂತ್ರ ಆಫ್ ಮಾಡುವಾಗಲೆಲ್ಲ ಕಾರಣ ಕೇಳುತ್ತದೆ. ಇನ್‌ಸ್ಟಾಲ್ ವೇಳೆ ‘ಡೆಸ್ಕ್‌ಟಾಪ್ ಎಕ್ಸ್‌ಪೀರಿಯನ್ಸ್’ ಎಂಬ ಆಯ್ಕೆಯನ್ನು ಗಮನಿಸದೆ ಮುಂದೆ ಹೋದರೆ ಕಿಟಕಿಗಳಿಲ್ಲದ ‘ಕೋರ್’ ಬಂದು ಕೂರುತ್ತದೆ. ಅದನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಮೊದಲಿನಿಂದ ಹಾಕಬೇಕು.

ಆ್ಯಕ್ಟಿವ್ ಡೈರೆಕ್ಟರಿ (ಕಚೇರಿಯ ಬಳಕೆದಾರ ಖಾತೆಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಕಲಿಯುವ ಉದ್ದೇಶ ಅಥವಾ ಒಂದೇ ಡೇಟಾದ ನಕಲುಗಳನ್ನು ಒಮ್ಮೆ ಮಾತ್ರ ಇಡುವ ಡೇಟಾ ಡಿಡ್ಯೂಪ್ಲಿಕೇಶನ್‌ನಂಥ ಸರ್ವರ್‌ನಲ್ಲಷ್ಟೇ ಸಿಗುವ ಸೌಲಭ್ಯದ ಅಗತ್ಯ ಇಲ್ಲದಿದ್ದರೆ ಮನೆಗೆ ವಿಂಡೋಸ್ ಸರ್ವರ್ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಫೈಲ್ ಹಂಚಿಕೆ ವಿಂಡೋಸ್ 11 ಹೋಮ್‌ನಲ್ಲೂ ಇದೆ. ಒಂದೇ ಸಲಕ್ಕೆ 20 ಸಂಪರ್ಕಗಳ ಮಿತಿ ಇದ್ದರೂ ಮನೆಗೆ ಅದು ಧಾರಾಳ. ದೂರದಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬರಬೇಕು, ಯಂತ್ರದೊಳಗೇ ಇನ್ನೊಂದು ಓಎಸ್ ಓಡಿಸುವ ಹೈಪರ್-ವಿ ಬೇಕು ಎಂದಾದರೆ ಪ್ರೊ ಆವೃತ್ತಿ ತೆಗೆದುಕೊಳ್ಳಿ.

ಮ್ಯಾಕ್ ಇರುವವರಿಗೆ ಈ ಪ್ರಶ್ನೆಯೇ ಇಲ್ಲ. ಮ್ಯಾಕ್‌ಓಎಸ್ ಸರ್ವರ್ ಎಂಬ ಆ್ಯಪ್ ಅನ್ನು ಆ್ಯಪಲ್ 2022ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಫೈಲ್ ಶೇರಿಂಗ್, ಟೈಮ್ ಮಷೀನ್ ಬ್ಯಾಕಪ್ ತಾಣ, ಕಂಟೆಂಟ್ ಕ್ಯಾಶಿಂಗ್ (ಆ್ಯಪಲ್ ಅಪ್‌ಡೇಟ್‌ಗಳ ಪ್ರತಿ ಮನೆಯಲ್ಲೇ ಇಡುವುದು) ಎಲ್ಲವೂ ಸಾಮಾನ್ಯ ಮ್ಯಾಕ್‌ನ ಶೇರಿಂಗ್ ಸೆಟ್ಟಿಂಗ್‌ನಲ್ಲೇ ಇವೆ.

ಹಂತ 1: ಕೆಲಸಗಳನ್ನು ಬರೆದಿಟ್ಟುಕೊಳ್ಳಿ

ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ. ಮೊದಲನೆಯದರಲ್ಲಿ ಪರದೆ ಮುಂದೆ ಕೂತು ಮಾಡುವ ಕೆಲಸಗಳು: ಬ್ರೌಸರ್, ಆಟ, ವಿಡಿಯೊ ಕರೆ, ಮುದ್ರಣ. ಎರಡನೆಯದರಲ್ಲಿ ಯಾರೂ ಇಲ್ಲದಾಗಲೂ ನಡೆಯಬೇಕಾದವು: ಫೈಲ್ ಹಂಚಿಕೆ, ಬ್ಯಾಕಪ್, ಮೀಡಿಯಾ ಸರ್ವರ್, ಹೋಮ್ ಆಟೊಮೇಶನ್. ಎರಡನೆಯ ಪಟ್ಟಿಯ ಪ್ರತಿ ಕೆಲಸದ ಮುಂದೆ ಅದು ಹಗಲೂ ರಾತ್ರಿ ನಡೆಯಬೇಕೋ, ಸಂಜೆ ಕೆಲವು ಗಂಟೆ ಸಾಕೋ ಬರೆಯಿರಿ.

ಮೊದಲ ಪಟ್ಟಿ ಖಾಲಿ ಉಳಿದರೆ ಸರ್ವರ್. ಒಂದೆರಡು ಸಾಲು ಇದ್ದರೂ ಡೆಸ್ಕ್‌ಟಾಪ್. ಎರಡೂ ತುಂಬಿದ್ದು, ಆಟ ಆಡುವವರು ಆಗಾಗ ಯಂತ್ರವನ್ನು ರೀಸ್ಟಾರ್ಟ್ ಮಾಡುತ್ತಾರೆ ಎಂದಾದರೆ ಓಎಸ್ ಬದಲಿಸಿ ಪ್ರಯೋಜನವಿಲ್ಲ, ಯಂತ್ರಗಳೇ ಎರಡಾಗಬೇಕು. ಒಂದೇ ಯಂತ್ರದಲ್ಲಿ ಎರಡು ಓಎಸ್ ಹಾಕಿ ಡ್ಯೂಯಲ್ ಬೂಟ್ ಮಾಡುವುದೂ ಪರಿಹಾರವಲ್ಲ. ಒಂದು ಓಎಸ್ ಎದ್ದಾಗ ಇನ್ನೊಂದರ ಸರ್ವಿಸ್‌ಗಳೆಲ್ಲ ಸತ್ತಿರುತ್ತವೆ.

ಹಂತ 2: ಯಂತ್ರ ತಡೆಯುತ್ತದೆಯೇ ನೋಡಿ

ಉಬುಂಟು ಡೆಸ್ಕ್‌ಟಾಪ್ 24.04ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್ ಜಾಗ ಬೇಕು. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 (ಭದ್ರತಾ ಚಿಪ್). ಈ ಟಿಪಿಎಂ ಇಲ್ಲದೆ ವಿಂಡೋಸ್ 10ರಲ್ಲೇ ಉಳಿದ ಯಂತ್ರಗಳು ಬಹಳ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅಂಥ ಯಂತ್ರಗಳಿಗೆ ಲಿನಕ್ಸ್ ಒಳ್ಳೆಯ ದಾರಿ.

ವಿದ್ಯುತ್ ಲೆಕ್ಕವನ್ನು ಓಎಸ್ ಹಾಕುವ ಮುನ್ನವೇ ಮಾಡಿ. ಸುಮ್ಮನಿದ್ದಾಗ 50 ವಾಟ್ ಎಳೆಯುವ ಹಳೆಯ ಟವರ್ ಪಿಸಿ ಇಡೀ ತಿಂಗಳು ಓಡಿದರೆ 36 ಯೂನಿಟ್. 10 ವಾಟ್‌ನ ಮಿನಿ ಪಿಸಿ 7.2 ಯೂನಿಟ್. ಹಳೆಯ ಗೇಮಿಂಗ್ ಪಿಸಿಯನ್ನು ಸರ್ವರ್ ಮಾಡುವುದಾದರೆ ಗ್ರಾಫಿಕ್ಸ್ ಕಾರ್ಡ್ ತೆಗೆದಿಡಿ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಮೊದಲು ಪರೀಕ್ಷಿಸಿ: ಕೆಲವು ಮದರ್‌ಬೋರ್ಡ್‌ಗಳು ಪರದೆಗೆ ದಾರಿ ಇಲ್ಲದೆ ಬೂಟ್ ಆಗುವುದಿಲ್ಲ.

ಹಳೆಯ ಲ್ಯಾಪ್‌ಟಾಪ್ ಕೂಡ ಒಳ್ಳೆಯ ಸರ್ವರ್, ಅದರ ಬ್ಯಾಟರಿಯೇ ಸಣ್ಣ ಯುಪಿಎಸ್. ಆದರೆ ಸದಾ ಚಾರ್ಜ್‌ನಲ್ಲಿರುವ ಬ್ಯಾಟರಿ ವರ್ಷ ಕಳೆದಂತೆ ಉಬ್ಬಬಹುದು. ಬಯಾಸ್‌ನಲ್ಲಿ (ಓಎಸ್‌ಗೂ ಮೊದಲು ತೆರೆಯಬಹುದಾದ ಯಂತ್ರದ ಸೆಟ್ಟಿಂಗ್ ಪುಟ) ಚಾರ್ಜ್ ಮಿತಿಯ ಸೌಲಭ್ಯವಿದ್ದರೆ 60–80 ಶೇಕಡಕ್ಕೆ ಇಡಿ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ತಡಮಾಡದೆ ಬ್ಯಾಟರಿ ತೆಗೆಸಿ.

ಹಂತ 3: ಓಎಸ್ ಆರಿಸಿ

ದಿನಬಳಕೆಯ ಯಂತ್ರಕ್ಕೆ ಈಗಿರುವ ವಿಂಡೋಸ್ 11 ಅಥವಾ ಮ್ಯಾಕ್‌ಓಎಸ್ ಅನ್ನೇ ಇಟ್ಟುಕೊಳ್ಳಿ. ಲಿನಕ್ಸ್ ಬೇಕೆನ್ನುವವರು ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ ಅಥವಾ ಡೆಬಿಯನ್ ಹಾಕಿ. ಉಬುಂಟು ಎಲ್‌ಟಿಎಸ್ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ನಡುವೆ ಬರುವ ಆವೃತ್ತಿಗಳಿಗೆ 9 ತಿಂಗಳು ಮಾತ್ರ. ಸದಾ ಓಡುವ ಯಂತ್ರಕ್ಕೆ ಆ 9 ತಿಂಗಳ ಆವೃತ್ತಿ ಹಾಕಿದರೆ ವರ್ಷ ತುಂಬುವುದರೊಳಗೆ ಅಪ್‌ಗ್ರೇಡ್ ಮಾಡಲು ಕೂರಬೇಕಾಗುತ್ತದೆ.

ಪರದೆ ಇಲ್ಲದ ಯಂತ್ರಕ್ಕೆ ಉಬುಂಟು ಸರ್ವರ್ ಅಥವಾ ಡೆಬಿಯನ್. ಕಮಾಂಡ್ ಬರೆಯುವ ಅಭ್ಯಾಸವಿಲ್ಲ, ಫೈಲ್ ಹಂಚಿಕೆಯೇ ಮುಖ್ಯ ಎನ್ನುವವರಿಗೆ ಓಪನ್‌ಮೀಡಿಯಾವಾಲ್ಟ್ ಅಥವಾ ಟ್ರೂನಾಸ್ ಚೆನ್ನ. ಎಲ್ಲವನ್ನೂ ಬೇರೆ ಕಂಪ್ಯೂಟರಿನ ಬ್ರೌಸರ್‌ನಿಂದಲೇ ನೋಡಿಕೊಳ್ಳಬಹುದು. ಟ್ರೂನಾಸ್ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಬಳಸುತ್ತದೆ, 8 ಜಿಬಿ ರ‍್ಯಾಮ್ ಕೇಳುತ್ತದೆ. ಇವೆರಡೂ ಬೂಟ್ ಡಿಸ್ಕ್ ಅನ್ನು ಪೂರ್ತಿ ತಮ್ಮದಾಗಿಸಿಕೊಳ್ಳುತ್ತವೆ ಎಂಬುದು ನೆನಪಿರಲಿ. 1 ಟಿಬಿ ಡಿಸ್ಕ್‌ಗೆ ಓಎಸ್ ಹಾಕಿ ಉಳಿದ ಜಾಗದಲ್ಲಿ ಫೋಟೊ ಇಡೋಣ ಎಂದರೆ ಆಗುವುದಿಲ್ಲ. ಓಎಸ್‌ಗೆ ಚಿಕ್ಕದೊಂದು ಎಸ್‌ಎಸ್‌ಡಿ, ಡೇಟಾಗೆ ಬೇರೆ ಡಿಸ್ಕ್ ಇರಲಿ. ಝಡ್‌ಎಫ್‌ಎಸ್‌ಗೆ ಡಿಸ್ಕ್ ಕೊಳ್ಳುವಾಗ ಅದು ಸಿಎಂಆರ್ (ಡೇಟಾದ ಪಟ್ಟಿಗಳು ಪಕ್ಕಪಕ್ಕದಲ್ಲಿರುವ ಬಗೆ) ಎಂದು ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಡೇಟಾದ ಪಟ್ಟಿಗಳು ಒಂದರ ಮೇಲೊಂದು ಒರಗಿರುವುದರಿಂದ, ಕೆಟ್ಟ ಡಿಸ್ಕ್ ಬದಲಿಸಿ ಮತ್ತೆ ತುಂಬಿಸುವಾಗ ವೇಗ ತೀರಾ ಕುಸಿಯುತ್ತದೆ.

ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ಈಗಿನ ಡೆಸ್ಕ್‌ಟಾಪ್ ಮೇಲೆ ವರ್ಚುವಲ್‌ಬಾಕ್ಸ್ (ಒಂದು ಓಎಸ್‌ನೊಳಗೆ ಇನ್ನೊಂದನ್ನು ಓಡಿಸುವ ಆ್ಯಪ್) ಹಾಕಿ, 2 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್ ಕೊಟ್ಟು ಸರ್ವರ್ ಓಎಸ್ ಓಡಿಸಿ ನೋಡಿ. ನೆಟ್‌ವರ್ಕ್ ಅನ್ನು ಬ್ರಿಡ್ಜ್‌ಡ್‌ಗೆ ಇಟ್ಟರೆ ಮನೆಯ ಬೇರೆ ಸಾಧನಗಳಿಗೂ ಅದು ಕಾಣುತ್ತದೆ. ಇದನ್ನು ತಂತಿಯ ಸಂಪರ್ಕದಲ್ಲೇ ಮಾಡಿ, ವೈಫೈ ಮೇಲೆ ಬ್ರಿಡ್ಜ್ ಆಗಾಗ ಕೈಕೊಡುತ್ತದೆ. ಎರಡು ವಾರ ಕಮಾಂಡ್ ಪರದೆಯಲ್ಲಿ ಕೆಲಸ ಮಾಡಿದರೆ ಅದು ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ.

ಹಂತ 4ಅ: ಡೆಸ್ಕ್‌ಟಾಪ್ ಓಎಸ್‌ಗೆ ಸರ್ವರ್ ಕೆಲಸ ಕಲಿಸುವುದು

ಮೊದಲು ನಿದ್ದೆ ತಪ್ಪಿಸಬೇಕು. ವಿಂಡೋಸ್‌ನಲ್ಲಿ ಪವರ್ ಸೆಟ್ಟಿಂಗ್‌ಗೆ ಹೋಗಿ ಸ್ಲೀಪ್ ಅನ್ನು ‘ನೆವರ್’ ಮಾಡಿ. ಪರದೆ ಆರುವುದು 10 ನಿಮಿಷಕ್ಕೇ ಇರಲಿ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಪವರ್ ಪುಟದಲ್ಲಿ ಆಟೊಮ್ಯಾಟಿಕ್ ಸಸ್ಪೆಂಡ್ ಆಫ್ ಮಾಡಿದರೆ ಸಾಲದು. ಅದು ನಿಮ್ಮ ಬಳಕೆದಾರ ಖಾತೆಗೆ ಮಾತ್ರ ಅನ್ವಯ. ರೀಸ್ಟಾರ್ಟ್ ಆಗಿ ಲಾಗಿನ್ ಪರದೆಯಲ್ಲಿ ನಿಂತ ಯಂತ್ರಕ್ಕೆ ಬೇರೆ ಸೆಟ್ಟಿಂಗ್ ಇರುತ್ತದೆ, ಅಲ್ಲಿಂದಲೇ ನಿದ್ದೆಗೆ ಜಾರಬಹುದು. ಸಿಸ್ಟಮ್‌ಸಿಟಿಎಲ್ (systemctl) ಕಮಾಂಡ್‌ನಿಂದ ಸ್ಲೀಪ್, ಸಸ್ಪೆಂಡ್, ಹೈಬರ್ನೇಟ್, ಹೈಬ್ರಿಡ್-ಸ್ಲೀಪ್ ಈ ನಾಲ್ಕೂ ಟಾರ್ಗೆಟ್‌ಗಳನ್ನು (ಓಎಸ್ ತಲುಪಬಹುದಾದ ಸ್ಥಿತಿಗಳು) ಮಾಸ್ಕ್ ಮಾಡಿದರೆ, ಅಂದರೆ ಪೂರ್ತಿ ಮುಚ್ಚಿಬಿಟ್ಟರೆ, ಯಾವ ದಾರಿಯಿಂದಲೂ ನಿದ್ದೆ ಬರುವುದಿಲ್ಲ.

ಎರಡನೆಯ ಸಮಸ್ಯೆ ಲಾಗಿನ್. ವಿಂಡೋಸ್ ಅಪ್‌ಡೇಟ್ ರಾತ್ರಿ ರೀಸ್ಟಾರ್ಟ್ ಮಾಡಿತೆಂದುಕೊಳ್ಳಿ. ಗಡಿಯಾರದ ಪಕ್ಕದ ಟ್ರೇಯಲ್ಲಿ ಕೂರುವ ಮೀಡಿಯಾ ಸರ್ವರ್ ಆ್ಯಪ್ ಯಾರಾದರೂ ಲಾಗಿನ್ ಆಗುವವರೆಗೆ ಶುರುವಾಗುವುದಿಲ್ಲ. ಬೆಳಿಗ್ಗೆ ಟೀವಿಯಲ್ಲಿ ‘ಸರ್ವರ್ ಸಿಗುತ್ತಿಲ್ಲ’ ಎಂದು ಬರುವುದು ಇದರಿಂದಲೇ. ಇನ್‌ಸ್ಟಾಲ್ ಮಾಡುವಾಗ ‘ಸರ್ವಿಸ್ ಆಗಿ’ ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಸ ಟಾಸ್ಕ್ ಮಾಡಿ, ಯಂತ್ರ ಶುರುವಾದಾಗ ನಡೆಯುವಂತೆಯೂ ಯಾರೂ ಲಾಗಿನ್ ಆಗದಿದ್ದರೂ ನಡೆಯುವಂತೆಯೂ ಗುರುತು ಹಾಕಿ. ಜೊತೆಗೆ ಆ್ಯಕ್ಟಿವ್ ಅವರ್ಸ್ (ವಿಂಡೋಸ್ ತಾನಾಗಿ ರೀಸ್ಟಾರ್ಟ್ ಮಾಡದ ಹೊತ್ತು) ಅನ್ನು ಗರಿಷ್ಠ 18 ಗಂಟೆಗೆ ಇಟ್ಟು, ರೀಸ್ಟಾರ್ಟ್‌ಗೆ ಉಳಿದ 6 ಗಂಟೆ ನಿಮ್ಮ ಬ್ಯಾಕಪ್ ಸಮಯಕ್ಕೆ ಅಡ್ಡ ಬರದಂತೆ ನೋಡಿಕೊಳ್ಳಿ.

ಫೋಲ್ಡರ್ ಹಂಚುವಾಗ ನೆಟ್‌ವರ್ಕ್ ಪ್ರೊಫೈಲ್ ‘ಪ್ರೈವೇಟ್’ ಇರಬೇಕು. ‘ಪಬ್ಲಿಕ್’ ಇದ್ದರೆ ಫೈರ್‌ವಾಲ್ ಬಿಡುವುದಿಲ್ಲ. ಶೇರ್ ಅನುಮತಿ, ಡಿಸ್ಕ್‌ನ ಫೋಲ್ಡರ್‌ಗೇ ಇರುವ ಎನ್‌ಟಿಎಫ್‌ಎಸ್ ಅನುಮತಿ ಎರಡೂ ಲೆಕ್ಕಕ್ಕೆ ಬರುತ್ತವೆ, ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಬೇರೆ ಯಂತ್ರದಿಂದ ಪಾಸ್‌ವರ್ಡ್ ಕೇಳಿದಾಗ ಪಿನ್ ಹಾಕಿದರೆ ಒಳಗೆ ಬಿಡದು, ಪಿನ್ ಆ ಯಂತ್ರಕ್ಕೆ ಮಾತ್ರ. ಹಂಚಿಕೆಗೆಂದೇ ಒಂದು ಸ್ಥಳೀಯ ಖಾತೆ ಮಾಡಿ ಅದಕ್ಕೆ ಪಾಸ್‌ವರ್ಡ್ ಕೊಡುವುದು ಸುಲಭದ ದಾರಿ.

ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ ಲಿನಕ್ಸ್ ಡೆಸ್ಕ್‌ಟಾಪ್ ಬೂಟ್ ಆಗುವಾಗ ಪಾಸ್‌ಫ್ರೇಸ್ ಕೇಳಿ ಕಾಯುತ್ತಾ ನಿಲ್ಲುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಯಾರೂ ಇಲ್ಲದ ಮನೆಯಲ್ಲಿ ಅದು ಏಳುವುದಿಲ್ಲ. ಸದಾ ಓಡಬೇಕಾದ ಯಂತ್ರದಲ್ಲಿ ಡೇಟಾ ಡಿಸ್ಕ್ ಅನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುವ ಬಗ್ಗೆ ಯೋಚಿಸಿ.

ಹಂತ 4ಆ: ಸರ್ವರ್ ಓಎಸ್ ಹಾಕುವುದು

8 ಜಿಬಿ ಪೆನ್‌ಡ್ರೈವ್, ತಂತಿಯ ನೆಟ್‌ವರ್ಕ್, ಇನ್‌ಸ್ಟಾಲ್ ಮುಗಿಯುವವರೆಗೆ ಒಂದು ಮಾನಿಟರ್ ಮತ್ತು ಕೀಬೋರ್ಡ್ ಬೇಕು. ರೂಫಸ್ ಅಥವಾ ಬಲೇನಾ ಎಚರ್‌ನಿಂದ ಐಎಸ್‌ಓ ಫೈಲನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಡೇಟಾ ಇರುವ ಡಿಸ್ಕ್‌ಗಳ ಕೇಬಲ್ ಕಿತ್ತಿಟ್ಟೇ ಇನ್‌ಸ್ಟಾಲ್ ಶುರುಮಾಡಿ. ತಪ್ಪು ಡಿಸ್ಕ್ ಅಳಿಸಿಹೋಗದಂತೆ ತಡೆಯಲು ಇದಕ್ಕಿಂತ ಖಚಿತ ಉಪಾಯ ಇಲ್ಲ.

ಉಬುಂಟು ಸರ್ವರ್ ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಪುಟವನ್ನು ಗಮನವಿಟ್ಟು ನೋಡಿ. ಎಲ್‌ವಿಎಂ (ಡಿಸ್ಕ್ ಜಾಗವನ್ನು ಹಿಗ್ಗಿಸಬಹುದಾದ ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಆಯ್ಕೆ ಮೊದಲೇ ಆನ್ ಇರುತ್ತದೆ. 200 ಜಿಬಿಗಿಂತ ದೊಡ್ಡ ಡಿಸ್ಕ್‌ನಲ್ಲಿ ಅದು ಓಎಸ್ ಇರುವ ರೂಟ್ ವಾಲ್ಯೂಮ್‌ಗೆ 100 ಜಿಬಿ ಕೊಟ್ಟು ಉಳಿದದ್ದನ್ನು ಖಾಲಿ ಬಿಡುತ್ತದೆ. ಕೆಲವು ತಿಂಗಳ ನಂತರ 1 ಟಿಬಿ ಡಿಸ್ಕ್ ‘ತುಂಬಿದೆ’ ಎಂದು ದೂರುವವರಲ್ಲಿ ಹೆಚ್ಚಿನವರದು ಇದೇ ಕಥೆ. ಅದೇ ಪುಟದಲ್ಲಿ ವಾಲ್ಯೂಮ್‌ನ ಗಾತ್ರ ತಿದ್ದಿ ಗರಿಷ್ಠಕ್ಕೆ ಇಡಿ. ಮರೆತಿದ್ದರೂ ಚಿಂತೆಯಿಲ್ಲ: ಎಲ್‌ವಿಎಕ್ಸ್‌ಟೆಂಡ್ (lvextend) ಕಮಾಂಡ್‌ನಿಂದ ವಾಲ್ಯೂಮ್ ಹಿಗ್ಗಿಸಿ, ರೀಸೈಝ್2ಎಫ್‌ಎಸ್ (resize2fs) ಕಮಾಂಡ್‌ನಿಂದ ಅದರೊಳಗಿನ ಫೈಲ್ ಸಿಸ್ಟಮ್ ಹಿಗ್ಗಿಸಿ. ಮೊದಲನೆಯದನ್ನಷ್ಟೇ ಮಾಡಿ ನಿಲ್ಲಿಸಿದರೆ ಜಾಗ ಹೆಚ್ಚಾದಂತೆ ಕಾಣುವುದಿಲ್ಲ.

ಮುಂದೆ ಎಸ್‌ಎಸ್‌ಎಚ್ ಸರ್ವರ್‌ಗೆ ಟಿಕ್ ಹಾಕಿ. ಕೊನೆಗೆ ಬರುವ ಸ್ನ್ಯಾಪ್‌ಗಳ (ಉಬುಂಟುವಿನ ಸಿದ್ಧ ಆ್ಯಪ್ ಪ್ಯಾಕೇಜ್‌ಗಳು) ಪಟ್ಟಿಯಲ್ಲಿ ಏನನ್ನೂ ಆರಿಸದೆ ಮುಂದೆ ಹೋಗಿ. ಬೇಕಾದ್ದನ್ನು ಆಮೇಲೆ ಹಾಕಬಹುದು.

ಇನ್‌ಸ್ಟಾಲ್ ಆದ ಮೇಲೆ ರೂಟರ್‌ನ ಪುಟಕ್ಕೆ ಹೋಗಿ ಈ ಯಂತ್ರಕ್ಕೆ ಸದಾ ಒಂದೇ ಐಪಿ ವಿಳಾಸ ಸಿಗುವಂತೆ ಡಿಎಚ್‌ಸಿಪಿ ರಿಸರ್ವೇಶನ್ ಮಾಡಿ, ಉದಾಹರಣೆಗೆ 192.168.1.50. ಬಯಾಸ್‌ನಲ್ಲಿ ಕರೆಂಟ್ ಮರಳಿದಾಗ ತಾನೇ ಆನ್ ಆಗುವ ಆಯ್ಕೆಯನ್ನು ಒತ್ತಿ. ಲ್ಯಾಪ್‌ಟಾಪ್ ಆದರೆ ಲಾಗಿನ್‌ಡಿ ಕಾನ್ಫಿಗ್ ಫೈಲ್‌ನಲ್ಲಿ (logind.conf) ಲಿಡ್ ಸ್ವಿಚ್‌ನ ಸಾಲನ್ನು ‘ಇಗ್ನೋರ್’ ಮಾಡಿ, ಇಲ್ಲದಿದ್ದರೆ ಮುಚ್ಚಳ ಮುಚ್ಚಿದ ಕೂಡಲೇ ಸರ್ವರ್ ಮಲಗುತ್ತದೆ. ಎರಡು ನೆಟ್‌ವರ್ಕ್ ಪೋರ್ಟ್ ಇರುವ ಯಂತ್ರ ಬೂಟ್ ಆಗಲು ಎರಡು ನಿಮಿಷ ಹಿಡಿಯುತ್ತಿದ್ದರೆ, ಕೇಬಲ್ ಇಲ್ಲದ ಪೋರ್ಟ್‌ಗಾಗಿ ಅದು ಕಾಯುತ್ತಿದೆ ಎಂದರ್ಥ. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲ್‌ನಲ್ಲಿ ಆ ಪೋರ್ಟ್‌ಗೆ ‘ಆಪ್ಶನಲ್’ ಎಂದು ಬರೆದರೆ ಸರಿಹೋಗುತ್ತದೆ.

ಡೇಟಾ ಡಿಸ್ಕ್‌ಗಳನ್ನು ಈಗ ಜೋಡಿಸಿ ಬೂಟ್ ಆಗುವಾಗ ತೆರೆಯಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ (fstab) ಫೈಲ್‌ಗೆ ಸೇರಿಸಿ. ಡಿಸ್ಕ್‌ನ ಹೆಸರಿನ ಬದಲು ಅದರ ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಬರೆಯಿರಿ, ಏಕೆಂದರೆ ಕೇಬಲ್ ಅದಲುಬದಲಾದರೆ ಹೆಸರೂ ಬದಲಾಗುತ್ತದೆ. ಯುಎಸ್‌ಬಿ ಡಿಸ್ಕ್‌ನ ಸಾಲಿಗೆ ‘ನೋಫೇಲ್’ (nofail) ಸೇರಿಸುವುದು ಕಡ್ಡಾಯ. ಅದಿಲ್ಲದೆ, ಡಿಸ್ಕ್ ಕಿತ್ತಿದ್ದಾಗ ಯಂತ್ರ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ, ಎಸ್‌ಎಸ್‌ಎಚ್ ಕೂಡ ಸಿಗುವುದಿಲ್ಲ. ಮಾನಿಟರ್ ಹೊತ್ತು ತಂದು ಜೋಡಿಸುವುದೊಂದೇ ಉಳಿಯುವ ದಾರಿ.

ಹಂಚಿಕೆಗೆ ಸಾಂಬಾ ಹಾಕಿ; ಲಿನಕ್ಸ್‌ನ ಫೋಲ್ಡರ್‌ಗಳನ್ನು ವಿಂಡೋಸ್‌ನಂಥ ಯಂತ್ರಗಳಿಗೆ ಹಂಚುವ ತಂತ್ರಾಂಶ ಇದು. ಲಿನಕ್ಸ್ ಪಾಸ್‌ವರ್ಡ್ ಬೇರೆ, ಸಾಂಬಾ ಪಾಸ್‌ವರ್ಡ್ ಬೇರೆ. ಎಸ್‌ಎಂಬಿಪಾಸ್‌ಡಬ್ಲ್ಯೂಡಿ (smbpasswd) ಕಮಾಂಡ್‌ನಿಂದ ಅದನ್ನು ಪ್ರತ್ಯೇಕ ಕೊಡಬೇಕು. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಹಂಚಿಕೆ ಮಾಡಲು ಹೋಗಬೇಡಿ: ವಿಂಡೋಸ್ 11 ಪ್ರೊ 24ಎಚ್2 ಅದನ್ನು ತೆರೆಯಲು ಒಪ್ಪುವುದಿಲ್ಲ. ಕಾನ್ಫಿಗ್ ತಿದ್ದಿದಾಗೆಲ್ಲ ಟೆಸ್ಟ್‌ಪಾರ್ಮ್ (testparm) ಕಮಾಂಡ್ ಓಡಿಸಿದರೆ ಕಾಗುಣಿತದ ತಪ್ಪುಗಳು ಅಲ್ಲೇ ಸಿಗುತ್ತವೆ.

ಹಂತ 5: ಬಾಗಿಲು ಭದ್ರಪಡಿಸಿ

ಯುಎಫ್‌ಡಬ್ಲ್ಯೂ ಫೈರ್‌ವಾಲ್ ಆನ್ ಮಾಡುವ ಮುನ್ನ ಎಸ್‌ಎಸ್‌ಎಚ್‌ಗೆ ಅನುಮತಿ ಕೊಡಿ. ಕ್ರಮ ಹಿಂದುಮುಂದಾದರೆ ನಿಮ್ಮನ್ನೇ ಹೊರಗೆ ಹಾಕಿಕೊಂಡಂತೆ. ಡಾಕರ್ (ಆ್ಯಪ್‌ಗಳನ್ನು ಪ್ರತ್ಯೇಕ ಪೆಟ್ಟಿಗೆಗಳಲ್ಲಿಟ್ಟಂತೆ ಓಡಿಸುವ ತಂತ್ರಾಂಶ) ಬಳಸುವವರು ಇನ್ನೊಂದನ್ನು ತಿಳಿದಿರಬೇಕು: ಡಾಕರ್ ತೆರೆಯುವ ಪೋರ್ಟ್‌ಗಳು (ಕೇಬಲ್ ಚುಚ್ಚುವ ಪೋರ್ಟ್ ಅಲ್ಲ, ಸರ್ವಿಸ್‌ಗಳ ಸಂಖ್ಯೆಯ ಬಾಗಿಲುಗಳು) ಯುಎಫ್‌ಡಬ್ಲ್ಯೂ ನಿಯಮಗಳನ್ನು ದಾಟಿ ಹೋಗುತ್ತವೆ. ಫೈರ್‌ವಾಲ್ ‘ಮುಚ್ಚಿದೆ’ ಎಂದು ತೋರಿಸಿದರೂ ಪೋರ್ಟ್ ತೆರೆದೇ ಇರುತ್ತದೆ. ಹೊರಗೆ ಕಾಣಬಾರದ ಸರ್ವಿಸ್‌ಗಳನ್ನು 127.0.0.1 ವಿಳಾಸಕ್ಕೆ, ಅಂದರೆ ಆ ಯಂತ್ರಕ್ಕೆ ಮಾತ್ರ, ಕಟ್ಟಿ.

ರೂಟರ್‌ನಲ್ಲಿ 22, 445, 3389 ಪೋರ್ಟ್‌ಗಳನ್ನು ಇಂಟರ್ನೆಟ್‌ಗೆ ತೆರೆಯಲೇಬೇಡಿ. ಇವು ಎಸ್‌ಎಸ್‌ಎಚ್, ಫೈಲ್ ಹಂಚಿಕೆ, ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್‌ಗಳು. ತೆರೆದ ಸ್ವಲ್ಪ ಹೊತ್ತಿನಲ್ಲೇ ಪಾಸ್‌ವರ್ಡ್ ಊಹಿಸುವ ಸ್ವಯಂಚಾಲಿತ ದಾಳಿ ಶುರುವಾಗುತ್ತದೆ. ಹೊರಗಿನಿಂದ ಮನೆಗೆ ಬರಬೇಕಾದರೆ ವೈರ್‌ಗಾರ್ಡ್ ಎಂಬ ವಿಪಿಎನ್ (ಗುಪ್ತ ಸುರಂಗದಂಥ ಸಂಪರ್ಕ) ಹಾಕಿ, ಯುಡಿಪಿ 51820 ಒಂದನ್ನೇ ತೆರೆಯಿರಿ. ಇಂಟರ್ನೆಟ್ ಕಂಪನಿ ಹಲವು ಗ್ರಾಹಕರನ್ನು ಒಂದೇ ಐಪಿ ಹಿಂದೆ ಕೂರಿಸಿದ್ದರೆ ಪೋರ್ಟ್ ತೆರೆದರೂ ಕೆಲಸವಾಗುವುದಿಲ್ಲ; ಆಗ ಪೋರ್ಟ್ ತೆರೆಯದೆಯೇ ಸಂಪರ್ಕ ಕೊಡುವ ಟೇಲ್‌ಸ್ಕೇಲ್‌ನಂಥದ್ದು ಬೇಕು.

ಯಾರೂ ಮುಂದೆ ಕೂರದೆ ತಾನಾಗಿ ನಡೆಯುವ ಅಪ್‌ಡೇಟ್ ಉಬುಂಟುವಿನಲ್ಲಿ ಮೊದಲೇ ಆನ್ ಇರುತ್ತದೆ, ಆದರೆ ರೀಸ್ಟಾರ್ಟ್ ತಾನಾಗಿ ಆಗುವುದಿಲ್ಲ. ಹೊಸ ಕರ್ನಲ್ ಬಂದಿದ್ದರೂ ಹಳೆಯದೇ ಓಡುತ್ತಿರುತ್ತದೆ. ತಿಂಗಳಿಗೊಮ್ಮೆ ನೀವೇ ರೀಸ್ಟಾರ್ಟ್ ಮಾಡಿ.

ಹಂತ 6: ಒಂದು ವಾರ ಪರೀಕ್ಷೆ

ರೇಡ್ (ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲಿ ಒಟ್ಟಿಗೇ ಇಡುವ ವ್ಯವಸ್ಥೆ) ಇದ್ದರೆ ಬ್ಯಾಕಪ್ ಇದ್ದಂತೆ ಅಲ್ಲ. ಅಕಸ್ಮಾತ್ ಅಳಿಸಿದ ಫೈಲ್ ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಅಳಿಯುತ್ತದೆ. ಮುಖ್ಯ ಫೈಲ್‌ಗಳ ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಮನೆಯಿಂದ ಹೊರಗೆ ಇರಲಿ. ಬ್ಯಾಕಪ್‌ನಿಂದ ಒಂದು ಫೋಲ್ಡರ್ ಅನ್ನು ನಿಜವಾಗಿ ಮರಳಿ ತಂದು, ನಾಲ್ಕಾರು ಫೋಟೊ ತೆರೆದು ನೋಡಿ.

ಆಮೇಲೆ ಪರೀಕ್ಷೆಗೆಂದೇ ಕೆಡಿಸಿ ನೋಡಿ. ಡಿಸ್ಕ್‌ಗೆ ಬರೆಯುವ ಕೆಲಸವೆಲ್ಲ ಮುಗಿದಿರುವಾಗ ಸರಿಯಾಗಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಇಲ್ಲೊಂದು ಗಮನಿಸಿ: ಬಯಾಸ್ ಆಯ್ಕೆ ‘ಲಾಸ್ಟ್ ಸ್ಟೇಟ್’ ಆಗಿದ್ದರೆ ಆಫ್ ಇದ್ದ ಯಂತ್ರ ಆಫ್ ಆಗಿಯೇ ಉಳಿಯುತ್ತದೆ, ‘ಪವರ್ ಆನ್’ ಆಗಿದ್ದರೆ ಏಳುತ್ತದೆ. ಎದ್ದ ಮೇಲೆ ಕೀಬೋರ್ಡ್ ಮುಟ್ಟದೆ ಫೋನಿನಿಂದ ಹಂಚಿದ ಫೋಲ್ಡರ್ ತೆರೆಯಿರಿ, ಟೀವಿಯಲ್ಲಿ ವಿಡಿಯೊ ಹಾಕಿ. ನಂತರ ಯುಎಸ್‌ಬಿ ಡಿಸ್ಕ್ ಕಿತ್ತು ಬೂಟ್ ಮಾಡಿ, ರೂಟರ್ ರೀಸ್ಟಾರ್ಟ್ ಮಾಡಿ ಐಪಿ ಅದೇ ಉಳಿಯಿತೇ ನೋಡಿ.

ಸರ್ವರ್ ಓಎಸ್ ಹಾಕಿದ ಮೇಲೆ ಪರದೆ ಬೇಕೇ ಬೇಕು ಅನಿಸಿದರೆ ಇಡೀ ಡೆಸ್ಕ್‌ಟಾಪ್ ಪ್ಯಾಕೇಜ್ ಅನ್ನು ಅದರ ಮೇಲೆ ಸುರಿಯಬೇಡಿ. ನೆಟ್‌ವರ್ಕ್ ನೋಡಿಕೊಳ್ಳುವ ಎರಡು ವ್ಯವಸ್ಥೆಗಳು ಒಟ್ಟಿಗೆ ಬಂದು ತೊಡಕಾಗುತ್ತದೆ. ಬ್ರೌಸರ್‌ನಲ್ಲಿ ಸರ್ವರ್ ನೋಡಿಕೊಳ್ಳುವ ಕಾಕ್‌ಪಿಟ್ ಹಾಕಿಕೊಳ್ಳಿ, 9090 ಪೋರ್ಟ್‌ನಲ್ಲಿ ಸಿಗುತ್ತದೆ. ಅದೇ ರೀತಿ ಉಬುಂಟು ಡೆಸ್ಕ್‌ಟಾಪ್ ಹಾಕಿದ ಯಂತ್ರ ಕೊನೆಗೆ ಪರದೆಯಿಲ್ಲದೆ ಉಳಿದರೆ ಮತ್ತೆ ಇನ್‌ಸ್ಟಾಲ್ ಮಾಡುವ ಶ್ರಮ ಬೇಡ. ಡೀಫಾಲ್ಟ್ ಟಾರ್ಗೆಟ್ ಅನ್ನು ಗ್ರಾಫಿಕಲ್‌ನಿಂದ ಮಲ್ಟಿ-ಯೂಸರ್‌ಗೆ ಬದಲಿಸಿ ರೀಸ್ಟಾರ್ಟ್ ಮಾಡಿದರೆ ಪರದೆಯ ಭಾರ ಇಳಿಯುತ್ತದೆ, ಫೈಲ್‌ಗಳು ಮತ್ತು ಸರ್ವಿಸ್‌ಗಳು ಇದ್ದಲ್ಲೇ ಇರುತ್ತವೆ. ಎಸ್‌ಎಸ್‌ಎಚ್ ಸರ್ವರ್ ಮಾತ್ರ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಮೊದಲೇ ಇರುವುದಿಲ್ಲ. ಮಾನಿಟರ್ ಕೀಳುವ ಮುನ್ನ ಅದನ್ನು ಹಾಕಿ, ಬೇರೆ ಕಂಪ್ಯೂಟರಿನಿಂದ ಒಮ್ಮೆ ಲಾಗಿನ್ ಆಗಿ ನೋಡಿ.